ಒಂದು ಕೆಲಸಕ್ಕೆ ಸಾವಿರ ಕೈ: ರಾಜ್‌ಕುಮಾರ್ ಬುಯ್ಯ ನಡೆದ ಕಂಪ್ಯೂಟರ್ ಹಾದಿ

ಜೂನ್ ತಿಂಗಳು ಬಂತೆಂದರೆ ಜತ್ತ ತಾಲೂಕಿನ ಮನೆಗಳಲ್ಲಿ ಎರಡು ಪ್ರಶ್ನೆ ಒಟ್ಟಿಗೇ ಏಳುತ್ತವೆ. ಮಳೆ ಯಾವಾಗ ಬರುತ್ತದೆ? ಮಗುವನ್ನು ಯಾವ ಶಾಲೆಗೆ ಹಾಕಬೇಕು?

ಮೊದಲ ಪ್ರಶ್ನೆಗೆ ಉತ್ತರ ಹುಡುಕುವ ಯಂತ್ರ ಪುಣೆಯಲ್ಲಿದೆ. ಅಲ್ಲಿನ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿರುವ ‘ಅರ್ಕ’ ಎಂಬ ಸೂಪರ್ ಕಂಪ್ಯೂಟರ್ ಮಳೆ-ಗಾಳಿಯ ಲೆಕ್ಕ ಹಾಕುತ್ತದೆ. ಎರಡನೆಯ ಪ್ರಶ್ನೆ ಬಂದಾಗಲೂ ಪಾಲಕರ ಬಾಯಲ್ಲಿ ಬರುವುದು ಕಂಪ್ಯೂಟರಿನ ಮಾತೇ. ‘ಮುಂದ ಎಲ್ಲಾ ಕಂಪ್ಯೂಟರ್ ಕಾಲ, ಕನ್ನಡ ಸಾಲಿಯೊಳಗ ಓದಿದರ ಹೆಂಗ?’ ಎಂಬ ಅಂಜಿಕೆಯಿಂದಲೇ ಎಷ್ಟೋ ಮಕ್ಕಳ ಹೆಸರು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ಹಾಜರಿ ಪುಸ್ತಕದಿಂದ ಹೊರಗೆ ಹೋಗುತ್ತದೆ.

ಹಾಗಾದರೆ ಕಂಪ್ಯೂಟರ್ ವಿಜ್ಞಾನದ ಎತ್ತರದ ಕೆಲಸ ನಿಜವಾಗಿ ಏನನ್ನು ಕೇಳುತ್ತದೆ? ಇದನ್ನು ತಿಳಿಯಲು ಆ ಕೆಲಸದಲ್ಲಿ ಜೀವನ ಕಳೆದವರೊಬ್ಬರ ಹಾದಿಯನ್ನು ನೋಡುವುದು ಒಳ್ಳೆಯದು. ಪ್ರೊ. ರಾಜ್‌ಕುಮಾರ್ ಬುಯ್ಯ ಅಂಥವರು. ಮೈಸೂರು ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಓದಿ, ಇಂದು ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿರುವ ಇವರು ಕ್ಲಸ್ಟರ್, ಗ್ರಿಡ್ ಮತ್ತು ಕ್ಲೌಡ್ ಎಂಬ ಮೂರು ಕ್ಷೇತ್ರಗಳಲ್ಲಿ ಜಗತ್ತು ಗುರುತಿಸುವ ಹೆಸರು.

ಹಂಚಿ ಮಾಡುವ ಲೆಕ್ಕ

ಇವರ ವಿಷಯಕ್ಕೆ ‘ಹೈ ಪರ್ಫಾರ್ಮೆನ್ಸ್ ಕಂಪ್ಯೂಟಿಂಗ್’ ಎನ್ನುತ್ತಾರೆ. ಹೆಸರು ದೊಡ್ಡದು, ತಿರುಳು ಸರಳ. ಒಂದು ಕಂಪ್ಯೂಟರಿನಿಂದ ಹೊತ್ತಿಗೆ ಸರಿಯಾಗಿ ಆಗದ ಲೆಕ್ಕವನ್ನು ತುಂಡು ಮಾಡಿ, ನೂರಾರು ಅಥವಾ ಸಾವಿರಾರು ಕಂಪ್ಯೂಟರುಗಳಿಗೆ ಹಂಚಿ, ಬಂದ ಉತ್ತರಗಳನ್ನು ಕೂಡಿಸುವುದು.

ಮನೆಯಲ್ಲೇ ಇದನ್ನು ಮಾಡಿ ನೋಡಬಹುದು. 1ರಿಂದ 100ರವರೆಗಿನ ಸಂಖ್ಯೆಗಳನ್ನು ಕೂಡಿಸಲು ಒಂದು ಮಗುವಿಗೆ ಹೇಳಿ. ಒಂದೊಂದಾಗಿ ಕೂಡಿಸಿದರೆ ಬಹಳ ಹೊತ್ತು ಹಿಡಿಯುತ್ತದೆ. ಈಗ ಹತ್ತು ಮಕ್ಕಳನ್ನು ಕೂಡಿಸಿ, ಒಬ್ಬೊಬ್ಬರಿಗೆ ಹತ್ತು ಸಂಖ್ಯೆ ಕೊಡಿ. ಮೊದಲನೆಯ ಮಗುವಿನ ಉತ್ತರ 55, ಎರಡನೆಯದರದು 155, ಮೂರನೆಯದರದು 255, ಹೀಗೆ ಹತ್ತನೆಯದರದು 955. ಹತ್ತೂ ಉತ್ತರ ಕೂಡಿಸಿದರೆ 5050. ಒಬ್ಬರ ಕೆಲಸ ಹತ್ತು ಜನರಲ್ಲಿ ಹಂಚಿತು, ಹೊತ್ತು ಉಳಿಯಿತು.

ಆದರೆ ಕೊನೆಯ ಕೂಡಿಕೆಯನ್ನು ಒಬ್ಬರೇ ಮಾಡಬೇಕಾಯಿತಲ್ಲವೇ? ಆಗ ಉಳಿದ ಒಂಬತ್ತು ಮಕ್ಕಳು ಸುಮ್ಮನೆ ಕೂತಿದ್ದರು. ಒಂದು ಮಗು ತಪ್ಪು ಕೂಡಿಸಿದ್ದರೆ ಪೂರ್ತಿ ಉತ್ತರವೇ ಕೆಡುತ್ತಿತ್ತು. ಒಂದು ಮಗು ತಡ ಮಾಡಿದ್ದರೆ ಎಲ್ಲರೂ ಕಾಯಬೇಕಿತ್ತು. ಸೂಪರ್ ಕಂಪ್ಯೂಟರ್ ಕಟ್ಟುವವರ ತಲೆನೋವೂ ಇವೇ ಮೂರು: ಹಂಚಲಾಗದ ಭಾಗ, ತಪ್ಪು, ಕಾಯುವಿಕೆ. ಅಮೆರಿಕದ ಜೀನ್ ಆಮ್ಡಾಲ್ ಎಂಬ ಕಂಪ್ಯೂಟರ್ ತಜ್ಞರು 1967ರಲ್ಲೇ ಹೇಳಿದ ನಿಯಮವೊಂದಿದೆ. ನೂರು ತಾಸಿನ ಕೆಲಸದಲ್ಲಿ ಹತ್ತು ತಾಸಿನ ಭಾಗ ಹಂಚಲು ಬಾರದಂಥದ್ದಾದರೆ, ಲಕ್ಷ ಯಂತ್ರ ತಂದರೂ ಕೆಲಸ ಹತ್ತು ತಾಸಿಗಿಂತ ಬೇಗ ಮುಗಿಯದು. ಅಂದರೆ ಹತ್ತು ಪಟ್ಟಿಗಿಂತ ಹೆಚ್ಚಿನ ವೇಗ ಸಿಗದು. ಯಂತ್ರದ ಸಂಖ್ಯೆ ಹೆಚ್ಚಿದರಷ್ಟೇ ಸಾಲದು, ಕೆಲಸವನ್ನು ಜಾಣತನದಿಂದ ಒಡೆಯುವ ತಲೆಯೂ ಬೇಕು.

ಮಳೆಯ ಲೆಕ್ಕಕ್ಕೆ ಇದು ಹೇಗೆ ಬೇಕಾಗುತ್ತದೆ? ಹವಾಮಾನದವರು ಭೂಮಿಯ ಮೇಲೆ ಚೌಕಟ್ಟಿನ ಬಲೆ ಹಾಸಿದಂತೆ ಭಾವಿಸಿ, ಪ್ರತಿ ಚೌಕದ ಗಾಳಿ, ಶಾಖ, ತೇವ ಲೆಕ್ಕ ಹಾಕುತ್ತಾರೆ. ಮೊದಲು ಒಂದು ಚೌಕದ ಬದಿ ಸುಮಾರು 12 ಕಿಲೋಮೀಟರ್ ಇತ್ತು. 2025ರ ಮೇ ತಿಂಗಳಲ್ಲಿ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ನಲ್ಲಿ ಅದು 6 ಕಿಲೋಮೀಟರಿಗೆ ಇಳಿಯಿತು. 12ರ ಚೌಕ 144 ಚದರ ಕಿಲೋಮೀಟರ್, 6ರ ಚೌಕ 36. ಚೌಕಗಳ ಸಂಖ್ಯೆ ನಾಲ್ಕು ಪಟ್ಟಾಯಿತು. ಚೌಕ ಸಣ್ಣದಾದಂತೆ ಲೆಕ್ಕವನ್ನು ಇನ್ನೂ ಕಡಿಮೆ ಅಂತರದ ಹೊತ್ತಿಗೊಮ್ಮೆ ಮಾಡಬೇಕಾದ್ದರಿಂದ ಕೆಲಸ ನಾಲ್ಕು ಪಟ್ಟಿಗಿಂತಲೂ ಹೆಚ್ಚಾಯಿತು. 2024ರ ಸೆಪ್ಟೆಂಬರಿನಲ್ಲಿ ಶುರುವಾದ ಅರ್ಕ ಸೆಕೆಂಡಿಗೆ ಸುಮಾರು 118 ಕೋಟಿ ಕೋಟಿ ಲೆಕ್ಕ ಮಾಡಬಲ್ಲದು. ದ್ರಾಕ್ಷಿ ಒಣಗಿಸಲು ಹಾಕಿದ ರೈತನಿಗೆ ‘ಜಿಲ್ಲೆಯಲ್ಲಿ ಮಳೆ’ ಎಂಬ ಮಾತಿಗಿಂತ ‘ನಿಮ್ಮ ಕಡೆ ಮಳೆ’ ಎಂಬ ಮಾತು ಬೇಕು. ಅದನ್ನು ಹೇಳಲಿಕ್ಕೇ ಇಷ್ಟು ಲೆಕ್ಕ.

ಬೆಂಗಳೂರು, ಪುಣೆಯ ಮೊದಲ ಹೆಜ್ಜೆಗಳು

ಈ ವಿದ್ಯೆ ನಮ್ಮ ದೇಶದಲ್ಲಿ ಬೆಳೆದದ್ದು ನಮಗೆ ದೂರದ ಊರುಗಳಲ್ಲಲ್ಲ. 1986ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ‘ಫ್ಲೋಸಾಲ್ವರ್’ ಎಂಬ ಯಂತ್ರ ತಯಾರಾಯಿತು. ಹಲವು ಪ್ರೊಸೆಸರುಗಳು ಜೊತೆಗೂಡಿ ಒಂದೇ ಲೆಕ್ಕ ಮಾಡುವ, ಭಾರತದ ಮೊದಲ ಯಂತ್ರವದು. ವಿಮಾನದ ರೆಕ್ಕೆಯ ಸುತ್ತ ಗಾಳಿ ಹೇಗೆ ಹರಿಯುತ್ತದೆ ಎಂಬಂಥ ಲೆಕ್ಕಕ್ಕಾಗಿ ಅದನ್ನು ಕಟ್ಟಿದರು. ಯು.ಎನ್. ಸಿನ್ಹಾ ಅವರ ತಂಡ ಅದನ್ನು ರೂಪಿಸಿತು. ಆಗ ಪ್ರಯೋಗಾಲಯದ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ.

ರೊದ್ದಂ ನರಸಿಂಹ ಅವರ ಮನೆಯ ವಿಷಯವನ್ನು ಕನ್ನಡ ಪಾಲಕರು ತಿಳಿದಿರಬೇಕು. ಅವರ ತಂದೆ ಆರ್.ಎಲ್. ನರಸಿಂಹಯ್ಯ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು. ಕನ್ನಡದಲ್ಲಿ ವಿಜ್ಞಾನ ಬರೆದ ಮೊದಲ ಸಾಲಿನ ಲೇಖಕರಲ್ಲಿ ಅವರೂ ಒಬ್ಬರು. ನಕ್ಷತ್ರ, ವಿಶ್ವಗಳ ವಿಷಯವನ್ನು ಕನ್ನಡದಲ್ಲಿ ಬರೆಯುತ್ತಿದ್ದ ತಂದೆಯ ಮಗ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿ, ಭಾರತೀಯ ವಿಜ್ಞಾನ ಸಂಸ್ಥೆಗೂ ಅಮೆರಿಕದ ಕ್ಯಾಲ್ಟೆಕ್‌ಗೂ ಹೋಗಿ ಬಂದು, ದೇಶದ ದೊಡ್ಡ ವಿಜ್ಞಾನಿಗಳಲ್ಲಿ ಒಬ್ಬರಾದರು. 2013ರಲ್ಲಿ ಪದ್ಮವಿಭೂಷಣ ಪಡೆದರು.

ಇದೇ ಕಾಲದಲ್ಲಿ ಭಾರತ ಅಮೆರಿಕದಿಂದ ದೊಡ್ಡ ಸೂಪರ್ ಕಂಪ್ಯೂಟರ್ ಕೊಳ್ಳಲು ಹೊರಟಿತ್ತು. ದೆಹಲಿಯ ಹವಾಮಾನ ಕೇಂದ್ರಕ್ಕೆ ‘ಕ್ರೇ’ ಯಂತ್ರವೊಂದು ಸಿಕ್ಕಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆ ಬಯಸಿದ್ದು ಮಾತ್ರ ಸಿಗಲಿಲ್ಲ. ಆಗ ನಮ್ಮದನ್ನು ನಾವೇ ಕಟ್ಟೋಣ ಎಂದು 1988ರಲ್ಲಿ ಪುಣೆಯಲ್ಲಿ ‘ಸಿ-ಡ್ಯಾಕ್’ ಸಂಸ್ಥೆ ಹುಟ್ಟಿತು. ಅದರ ಮುಂದಾಳು ವಿಜಯ್ ಭಟ್ಕರ್ ಅಕೋಲಾ ಜಿಲ್ಲೆಯ ಮುರಂಬಾ ಎಂಬ ಹಳ್ಳಿಯಲ್ಲಿ ಹುಟ್ಟಿದವರು. 1991ರಲ್ಲಿ ‘ಪರಮ್ 8000’ ಸಿದ್ಧವಾಯಿತು. ಒಂದೇ ಭಾರೀ ಯಂತ್ರದ ಬದಲು ಸಣ್ಣ ಚಿಪ್‌ಗಳನ್ನು ಹಲವು ಸೇರಿಸಿ ಕಟ್ಟಿದ್ದೇ ಅದರ ಗುಟ್ಟು. ಬುಯ್ಯ ಅವರು ಈ ವಿದ್ಯೆಗೆ ಕಾಲಿಟ್ಟದ್ದು ಇಂಥ ಹೊತ್ತಿನಲ್ಲಿ.

ರಾಜ್ಯದ ವಿಶ್ವವಿದ್ಯಾಲಯದಿಂದ ಶುರು

ಬುಯ್ಯ 1992ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ.ಇ. ಮುಗಿಸಿದರು. ಓದಿನಲ್ಲಿನ ಸಾಧನೆಗಾಗಿ ಧರ್ಮರತ್ನಾಕರ ಸ್ಮಾರಕ ಟ್ರಸ್ಟ್‌ನ ಚಿನ್ನದ ಪದಕ ಬಂತು. 1995ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಎಂ.ಇ. ಮಾಡಿದರು. ಎರಡೂ ರಾಜ್ಯದ ವಿಶ್ವವಿದ್ಯಾಲಯಗಳು. ‘ಐಐಟಿ ಸಿಗಲಿಲ್ಲ ಅಂದರೆ ಎಲ್ಲಾ ಮುಗಿತು’ ಎಂದು ಮಗುವಿನ ಮುಂದೆ ಹೇಳುವ ಮೊದಲು ಈ ಎರಡು ವರ್ಷಗಳನ್ನು ನೆನೆಯಬೇಕು.

ಆಮೇಲೆ ಅವರು ಮಾಡಿದ ಕೆಲಸ ಗಮನಿಸುವಂಥದ್ದು. ಎಂ.ಇ. ಮುಗಿಯುತ್ತಿದ್ದ ಕಾಲದಲ್ಲೇ ತಮ್ಮ ಹಿಂದೆ ಬರುವ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕ ಬರೆಯತೊಡಗಿದರು. ಕೆ.ಆರ್. ವೇಣುಗೋಪಾಲ್ ಅವರ ಜೊತೆ ಬರೆದ ಮೈಕ್ರೋಪ್ರೊಸೆಸರ್ ಪುಸ್ತಕವೊಂದು, ನಂತರದ ‘ಮಾಸ್ಟರಿಂಗ್ ಸಿ++’ ಇನ್ನೊಂದು. 1990ರ ದಶಕದ ಕೊನೆಯಲ್ಲಿ ಇಂಜಿನಿಯರಿಂಗ್ ಓದಿದ ಎಷ್ಟೋ ಜನರ ಕೈಯಲ್ಲಿ ಆ ಪುಸ್ತಕವಿತ್ತು. ಇನ್ನೊಬ್ಬರಿಗೆ ತಿಳಿಯುವಂತೆ ಬರೆಯಬೇಕಾದರೆ ಮೊದಲು ತಾನು ಬುಡಸಮೇತ ತಿಳಿದಿರಬೇಕು.

ಕೆಲಸಕ್ಕೆ ಸೇರಿದ್ದು ಸಿ-ಡ್ಯಾಕ್‌ನ ಬೆಂಗಳೂರು ಕೇಂದ್ರಕ್ಕೆ. 1998ರಲ್ಲಿ ಬಂದ ‘ಪರಮ್ 10000’ ಸೆಕೆಂಡಿಗೆ 10,000 ಕೋಟಿ ಲೆಕ್ಕ ಮಾಡಬಲ್ಲ ಯಂತ್ರ. ಅದನ್ನು ಕಟ್ಟಿದ್ದು ಪೇಟೆಯಲ್ಲಿ ಸಿಗುವಂಥ ವರ್ಕ್‌ಸ್ಟೇಷನ್ ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸಿ. ಹೀಗೆ ಜೋಡಿಸಿದ ಗುಂಪಿಗೆ ‘ಕ್ಲಸ್ಟರ್’ ಎನ್ನುತ್ತಾರೆ. ಹತ್ತಾರು ಯಂತ್ರಗಳ ಗುಂಪಿನಲ್ಲಿ ಯಾವುದು ಕೆಲಸ ಮಾಡುತ್ತಿದೆ, ಯಾವುದು ಖಾಲಿ ಕೂತಿದೆ, ಯಾವುದು ಕೆಟ್ಟಿದೆ ಎಂದು ಒಂದೇ ಕಡೆ ಕೂತು ನೋಡುವುದು ಹೇಗೆ? ಅದಕ್ಕಾಗಿ ಬುಯ್ಯ ‘ಪಾರ್‌ಮಾನ್’ ಎಂಬ ತಂತ್ರಾಂಶ ರೂಪಿಸಿದರು. ಕಬ್ಬು ಕಡಿಯುವ ಟೋಳಿಗೆ ಒಬ್ಬ ಮುಕಾದಮ ಇರುವಂತೆ ಇದು ಕ್ಲಸ್ಟರಿನ ಮುಕಾದಮ. ಇದರ ವಿವರ ‘ಸಾಫ್ಟ್‌ವೇರ್: ಪ್ರಾಕ್ಟೀಸ್ ಅಂಡ್ ಎಕ್ಸ್‌ಪೀರಿಯನ್ಸ್’ ಎಂಬ ಹೆಸರಾಂತ ಸಂಶೋಧನಾ ಪತ್ರಿಕೆಯಲ್ಲಿ 2000ರಲ್ಲಿ ಅಚ್ಚಾಯಿತು. ಮುಂದೆ ಅದೇ ಪತ್ರಿಕೆಗೆ ಅವರು ಸಂಪಾದಕರೂ ಆದರು.

1999ರಲ್ಲಿ ಅವರು ಸಂಪಾದಿಸಿದ ‘ಹೈ ಪರ್ಫಾರ್ಮೆನ್ಸ್ ಕ್ಲಸ್ಟರ್ ಕಂಪ್ಯೂಟಿಂಗ್’ ಎಂಬ ಎರಡು ಸಂಪುಟಗಳ ಗ್ರಂಥ ಹೊರಬಂತು. ಹಲವು ದೇಶಗಳ ತಜ್ಞರು ಅದಕ್ಕೆ ಅಧ್ಯಾಯ ಬರೆದುಕೊಟ್ಟರು. ಆಗ ಬುಯ್ಯ ಅವರಿಗೆ ಇನ್ನೂ ಪಿಎಚ್.ಡಿ. ಆಗಿರಲಿಲ್ಲ.

ಮುಯ್ಯಾಳಿನ ಲೆಕ್ಕ, ಕೂಲಿಯ ಲೆಕ್ಕ

ಪಿಎಚ್.ಡಿ.ಗಾಗಿ ಹೋದದ್ದು ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯಕ್ಕೆ. ಆಗ ‘ಗ್ರಿಡ್’ ಎಂಬ ವಿಚಾರ ಹೊಸದಾಗಿ ಚಿಗುರುತ್ತಿತ್ತು. ಒಂದು ಊರಿನ ಕಂಪ್ಯೂಟರ್ ರಾತ್ರಿ ಖಾಲಿ ಇರುವಾಗ ಬೇರೆ ದೇಶದಲ್ಲಿ ಹಗಲು. ಅಲ್ಲಿಯವರ ಕೆಲಸವನ್ನು ಇಲ್ಲಿಯ ಯಂತ್ರ ಮಾಡಿಕೊಡಬಾರದೇಕೆ?

ನಮ್ಮ ಕಡೆಯ ಒಕ್ಕಲುತನ ಬಲ್ಲವರಿಗೆ ಈ ವಿಚಾರ ಹೊಸದಲ್ಲ. ಇದು ಮುಯ್ಯಾಳು. ಇಂದು ನಾನು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಆದರೆ ಮುಯ್ಯಿ ನಡೆಯುವುದು ಗುರುತಿನವರ ನಡುವೆ. ಮುಖ ಕಂಡರಿಯದ ಸಾವಿರ ಜನ ಸೇರಿದಾಗ ಯಾರ ಕೆಲಸ ಮೊದಲು? ಯಂತ್ರ ಕೊಟ್ಟವರಿಗೆ ಏನು ಲಾಭ?

ಬುಯ್ಯ ಇದಕ್ಕೆ ಹುಡುಕಿದ ಉತ್ತರ ಸಂತೆಯ ಲೆಕ್ಕದ್ದು. ಯಂತ್ರದ ಹೊತ್ತಿಗೆ ಒಂದು ದರ ಇರಲಿ. ಕೆಲಸ ಕೊಡುವವನು ಎರಡು ಮಾತು ಹೇಳಲಿ: ಎಷ್ಟು ಹೊತ್ತಿನೊಳಗೆ ಮುಗಿಯಬೇಕು, ಎಷ್ಟು ದುಡ್ಡು ಖರ್ಚು ಮಾಡಬಲ್ಲೆ. ಈ ಎರಡರೊಳಗೆ ಯಾವ ಯಂತ್ರಗಳನ್ನು ಹಿಡಿಯಬೇಕೆಂದು ತಂತ್ರಾಂಶವೇ ಆರಿಸಲಿ. ಮೋಡ ಕಟ್ಟಿದಾಗ ಒಣಹಾಕಿದ ದ್ರಾಕ್ಷಿ ಬಾಚಲು ಹೆಚ್ಚು ಕೂಲಿ ಕೊಟ್ಟಾದರೂ ಹೆಚ್ಚು ಆಳು ಕರೆಯುತ್ತೇವೆ. ಆಕಾಶ ತಿಳಿಯಾಗಿದ್ದರೆ ಮನೆಯವರೇ ನಿಧಾನಕ್ಕೆ ಬಾಚುತ್ತೇವೆ. ಈ ವಿವೇಕವನ್ನೇ ಅವರು ಗಣಿತವಾಗಿ ಬರೆದು ಯಂತ್ರಕ್ಕೆ ಕಲಿಸಿದರು. ಗುರು ಡೇವಿಡ್ ಅಬ್ರಾಮ್ಸನ್ ಮತ್ತು ಸಹೋದ್ಯೋಗಿ ಜೊನಾಥನ್ ಗಿಡ್ಡಿ ಜೊತೆ ರೂಪಿಸಿದ ‘ನಿಮ್ರಾಡ್-ಜಿ’ ತಂತ್ರಾಂಶ 2000ದಲ್ಲಿ ಬೀಜಿಂಗ್‌ನ ಸಮ್ಮೇಳನದಲ್ಲಿ ಮಂಡನೆಯಾಯಿತು. ಗ್ರಿಡ್‌ಗೆ ಅರ್ಥಶಾಸ್ತ್ರ ಜೋಡಿಸಿದ ಪ್ರಬಂಧಕ್ಕೆ 2002ರಲ್ಲಿ ಪಿಎಚ್.ಡಿ. ದೊರಕಿತು. ಅದೇ ವರ್ಷ ಮೆಲ್ಬರ್ನ್ ವಿಶ್ವವಿದ್ಯಾಲಯ ಸೇರಿದರು.

ನೀರಿನಂತೆ ಲೆಕ್ಕಶಕ್ತಿ

ಮುಂದಿನ ಹೆಜ್ಜೆ ‘ಕ್ಲೌಡ್’. ಇಂದು ನಮ್ಮ ಮೊಬೈಲಿನ ಫೋಟೋ, ಫೋನಿನಲ್ಲಿ ಮಾಡುವ ಹಣದ ವ್ಯವಹಾರ, ಮಕ್ಕಳ ಆನ್‌ಲೈನ್ ಪಾಠ ಇವೆಲ್ಲ ಎಲ್ಲೋ ಇರುವ ದೊಡ್ಡ ದೊಡ್ಡ ಕಂಪ್ಯೂಟರ್ ಕೇಂದ್ರಗಳಲ್ಲಿ ನಡೆಯುತ್ತವೆ. ನಾವು ಯಂತ್ರ ಕೊಳ್ಳುವುದಿಲ್ಲ, ಬಳಸಿದಷ್ಟಕ್ಕೆ ಬಾಡಿಗೆ ಸಲ್ಲುತ್ತದೆ. 2009ರಲ್ಲಿ ಬುಯ್ಯ ಮತ್ತು ನಾಲ್ವರು ಜೊತೆಗಾರರು ಬರೆದ ಲೇಖನ ಈ ವಿಚಾರವನ್ನು ಒಂದೇ ಮಾತಿನಲ್ಲಿ ಹಿಡಿದಿಟ್ಟಿತು. ನೀರು, ವಿದ್ಯುತ್, ಅನಿಲ, ದೂರವಾಣಿ ಇವು ಮನೆಮನೆಗೆ ಬರುವ ನಾಲ್ಕು ಸೌಕರ್ಯ. ಕಂಪ್ಯೂಟರಿನ ಲೆಕ್ಕಶಕ್ತಿ ಐದನೆಯದಾಗಲಿದೆ ಎಂಬುದು ಅದರ ತಿರುಳು. ಜಗತ್ತಿನ ಸಂಶೋಧಕರು ಬಹಳ ಸಲ ಉಲ್ಲೇಖಿಸುವ ಲೇಖನ ಅದು. ಮೊದಲನೆಯ ಸೌಕರ್ಯಕ್ಕೇ ಟ್ಯಾಂಕರ್ ದಾರಿ ಕಾಯುವ ನಮ್ಮ ಹಳ್ಳಿಗಳಲ್ಲಿ ಐದನೆಯದು ಮೊಬೈಲಿನೊಳಗೆ ಬಂದು ಕೂತಿದೆ.

ಕ್ಲೌಡ್ ಕೇಂದ್ರ ಕಟ್ಟುವವರಿಗೆ ಒಂದು ತೊಡಕಿದೆ. ಸಾವಿರಾರು ಯಂತ್ರ ಕೊಂಡು ಜೋಡಿಸಿದ ಮೇಲೆ ‘ಕೆಲಸ ಹಂಚುವ ಕ್ರಮ ಸರಿಯಿಲ್ಲ’ ಎಂದು ಗೊತ್ತಾದರೆ ದುಡ್ಡು ನೀರುಪಾಲು. ಹೊಸ ಬೀಜವನ್ನು ಮೊದಲು ಒಂದು ಮಡಿಯಲ್ಲಿ ಹಾಕಿ ನೋಡುವಂತೆ ಇಲ್ಲಿಯೂ ಪರೀಕ್ಷೆ ಬೇಕು. ಬುಯ್ಯ ಅವರ ಪ್ರಯೋಗಾಲಯ ‘ಕ್ಲೌಡ್‌ಸಿಮ್’ ಎಂಬ ತಂತ್ರಾಂಶ ಮಾಡಿ ಎಲ್ಲರಿಗೂ ಉಚಿತವಾಗಿ ಕೊಟ್ಟಿತು. ಒಂದು ಸಾಮಾನ್ಯ ಲ್ಯಾಪ್‌ಟಾಪಿನೊಳಗೇ ಸಾವಿರಾರು ಯಂತ್ರಗಳ ಕೇಂದ್ರವನ್ನು ಕಲ್ಪಿಸಿ, ಯಾವ ಕ್ರಮದಲ್ಲಿ ಎಷ್ಟು ಹೊತ್ತು, ಎಷ್ಟು ವಿದ್ಯುತ್ ಖರ್ಚಾಗುತ್ತದೆ ಎಂದು ಅದರಲ್ಲಿ ನೋಡಬಹುದು. ದೊಡ್ಡ ಯಂತ್ರವಿಲ್ಲದ ಕಾಲೇಜಿನ ವಿದ್ಯಾರ್ಥಿಯೂ ಇದರಿಂದ ಸಂಶೋಧನೆ ಮಾಡಬಹುದು.

ವಿದ್ಯುತ್ ಉಳಿಸುವುದೂ ಅವರ ತಂಡದ ಮುಖ್ಯ ಕೆಲಸ. ಎರಡು ಬಸ್ಸುಗಳಲ್ಲಿ ಅರ್ಧರ್ಧ ಜನರಿದ್ದರೆ ಎಲ್ಲರನ್ನೂ ಒಂದರಲ್ಲಿ ಕೂರಿಸಿ ಇನ್ನೊಂದನ್ನು ಡಿಪೋಗೆ ಕಳಿಸಬಹುದು. ಅದೇ ರೀತಿ ಅರೆಬರೆ ಕೆಲಸದ ಯಂತ್ರಗಳ ಹೊರೆಯನ್ನು ಒಂದೆಡೆ ಸೇರಿಸಿ, ಖಾಲಿಯಾದವನ್ನು ಆರಿಸಿಡುವ ಲೆಕ್ಕ ಅದು.

ತಮ್ಮ ವಿದ್ಯೆಯನ್ನು ಬಳಕೆಗೆ ತರಲು ಅವರು ಹುಟ್ಟುಹಾಕಿದ ಕಂಪನಿಯ ಹೆಸರು ‘ಮಂಜ್ರಾಸಾಫ್ಟ್’. ಬಾಲಾಘಾಟದಲ್ಲಿ ಹುಟ್ಟಿ, ಲಾತೂರ ಜಿಲ್ಲೆ ದಾಟಿ ಬೀದರಿನ ಕಡೆಗೆ ಹರಿಯುವ ಮಂಜ್ರಾ ನದಿಯನ್ನು ಬಲ್ಲ ಗಡಿನಾಡಿನವರ ಕಿವಿಗೆ ಇದು ಹತ್ತಿರದ ಹೆಸರು. ಕಂಪನಿಯ ತಂತ್ರಾಂಶದ ಹೆಸರು ‘ಅನೇಕ’. ಹಲವು ಯಂತ್ರ ಸೇರಿ ಒಂದಾಗಿ ದುಡಿಯುವ ವ್ಯವಸ್ಥೆಗೆ ಆ ಹೆಸರು. ಅರ್ಥ ತಿಳಿಯಲು ನಮ್ಮ ಮಕ್ಕಳಿಗೆ ನಿಘಂಟು ಬೇಕಿಲ್ಲ.

ಗೌರವಗಳ ಪಟ್ಟಿ ಉದ್ದವಿದೆ. ಇಂಜಿನಿಯರುಗಳ ಅಂತಾರಾಷ್ಟ್ರೀಯ ಸಂಸ್ಥೆ ಐಟ್ರಿಪಲ್‌ಇ 2009ರಲ್ಲಿ ಈ ಕ್ಷೇತ್ರದ ಪದಕ ಕೊಟ್ಟಿತು. ಅದು ಕ್ಲೌಡ್ ವಿಷಯಕ್ಕೆಂದೇ ಸಂಶೋಧನಾ ಪತ್ರಿಕೆ ತೆರೆದಾಗ ಮೊದಲ ಪ್ರಧಾನ ಸಂಪಾದಕರಾದವರೂ ಇವರೇ. ಕ್ರಿಶ್ಚಿಯನ್ ವೆಚ್ಚಿಯೋಲಾ ಮತ್ತು ತಾಮರೈ ಸೆಲ್ವಿ ಅವರ ಜೊತೆ ಬರೆದ ‘ಮಾಸ್ಟರಿಂಗ್ ಕ್ಲೌಡ್ ಕಂಪ್ಯೂಟಿಂಗ್’ ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪಠ್ಯವಾಗಿದೆ.

ಈ ಹಾದಿ ಪಾಲಕರಿಗೆ ಹೇಳುವುದು

ಒಬ್ಬರ ಬದುಕನ್ನು ಹಿಡಿದು ‘ಈ ಮಾಧ್ಯಮವೇ ಸರಿ, ಆ ಮಾಧ್ಯಮ ತಪ್ಪು’ ಎಂದು ತೀರ್ಪು ಕೊಡುವುದು ನ್ಯಾಯವಲ್ಲ. ಆದರೆ ಈ ವಿದ್ಯೆ ಏನು ಕೇಳುತ್ತದೆ ಎಂಬುದನ್ನು ಇದು ಸ್ಪಷ್ಟವಾಗಿ ತೋರಿಸುತ್ತದೆ. ಕೇಳುವುದು ಮೂರನ್ನು. ದೊಡ್ಡ ಲೆಕ್ಕವನ್ನು ಸಣ್ಣ ತುಂಡು ಮಾಡುವ ಬುದ್ಧಿ. ತಿಳಿದದ್ದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳುವ ಅಭ್ಯಾಸ. ಹತ್ತಿರವಿರುವ ಸಾಮಾನ್ಯ ಸಾಧನದಿಂದಲೇ ಕೆಲಸ ಶುರು ಮಾಡುವ ಧೈರ್ಯ.

ಇವು ಮೂರೂ ಆರನೇ ವಯಸ್ಸಿನಿಂದ ಬೆಳೆಯುವಂಥವು. ಮಗು ಯಾವ ಭಾಷೆಯಲ್ಲಿ ‘ಯಾಕೆ?’ ಎಂದು ಕೇಳುತ್ತದೆಯೋ, ಯಾವ ಭಾಷೆಯಲ್ಲಿ ಅಪ್ಪ-ಅವ್ವನ ಜೊತೆ ವಾದ ಮಾಡುತ್ತದೆಯೋ, ಆ ಭಾಷೆಯಲ್ಲಿ ಬೇಗ ಬೆಳೆಯುತ್ತವೆ. ಪಾಠದ ಅರ್ಥವಾಗದೆ ಬಾಯಿಪಾಠ ಮಾಡಿದ ಮಗುವಿಗೆ ಲೆಕ್ಕ ಒಡೆಯಲು ಬರುವುದಿಲ್ಲ, ಅದು ಯಾವ ಶಾಲೆಯ ಸಮವಸ್ತ್ರ ಹಾಕಿದ್ದರೂ ಅಷ್ಟೇ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಈ ಕ್ಷೇತ್ರದ ಸಂಶೋಧನೆ ನಡೆಯುವುದು ಇಂಗ್ಲಿಷಿನಲ್ಲಿ. ಬುಯ್ಯ ಅವರ ಪುಸ್ತಕಗಳೂ ಇಂಗ್ಲಿಷಿನವೇ. 11ನೇ ತರಗತಿಯ ವಿಜ್ಞಾನಕ್ಕೆ ಹೋದ ಕನ್ನಡ ಶಾಲೆಯ ಮಗು ಮೊದಲ ಆರು ತಿಂಗಳು ತಡವರಿಸುವುದುಂಟು. ಅದಕ್ಕೆ ಮದ್ದು ಒಂದನೇ ಇಯತ್ತೆಯಲ್ಲಿ ಶಾಲೆ ಬದಲಿಸುವುದಲ್ಲ. ಎಂಟನೇ ಇಯತ್ತೆಯಿಂದಲೇ ತಯಾರಿ ಮಾಡಿಸುವುದು.

ಜತ್ತದಿಂದ ಮುಂದಕ್ಕೆ

ತಯಾರಿಗೆ ದುಡ್ಡು ಬೇಕಿಲ್ಲ, ಕ್ರಮ ಬೇಕು. ಮಹಾರಾಷ್ಟ್ರದ ಬಾಲಭಾರತಿ ಒಂದೇ ಪಠ್ಯಕ್ರಮದ ಪುಸ್ತಕವನ್ನು ಮರಾಠಿ, ಇಂಗ್ಲಿಷ್, ಕನ್ನಡ ಮುಂತಾದ ಭಾಷೆಗಳಲ್ಲಿ ಹೊರತರುತ್ತದೆ. ಅದರ ಜಾಲತಾಣದಲ್ಲಿ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಒಂಬತ್ತನೇ ಇಯತ್ತೆಯ ಕನ್ನಡ ವಿಜ್ಞಾನ ಪುಸ್ತಕದ ಪಕ್ಕದಲ್ಲಿ ಅದೇ ಪುಸ್ತಕದ ಇಂಗ್ಲಿಷ್ ಆವೃತ್ತಿಯನ್ನು ಇಟ್ಟುಕೊಳ್ಳಲಿ. ಪಾಠವನ್ನು ಕನ್ನಡದಲ್ಲಿ ತಿಳಿದ ದಿನವೇ ಇಂಗ್ಲಿಷ್ ಪುಟ ಓದಿ, ಹತ್ತು ಹೊಸ ಶಬ್ದ ವಹಿಯಲ್ಲಿ ಬರೆಯಲಿ. ವೇಗ, ಒತ್ತಡ, ಸಮೀಕರಣ, ಭಿನ್ನರಾಶಿ ಇವುಗಳ ಇಂಗ್ಲಿಷ್ ಹೆಸರು ಹೀಗೆ ಹತ್ತನೆಯ ಪರೀಕ್ಷೆಯ ಹೊತ್ತಿಗೆ ನಾಲಿಗೆಯ ಮೇಲೆ ಇರುತ್ತವೆ.

ಗಣಿತವನ್ನು ಬಿಡಿಸಬೇಡಿ. ‘ಹುಡುಗಿಗೆ ಗಣಿತ ಯಾಕ?’ ಎಂಬ ಮಾತು ಮನೆಯಲ್ಲಿ ಬರದಿರಲಿ. ಲೆಕ್ಕ ಬಿಡಿಸಿದ ಮಗುವಿಗೆ ‘ನಿನ್ನ ತಮ್ಮನಿಗೆ ಹೇಳಿಕೊಡು’ ಎನ್ನಿ. ಬುಯ್ಯ ಕಲಿಯುತ್ತಲೇ ಕಲಿಸುವ ಪುಸ್ತಕ ಬರೆದದ್ದು ಇದೇ ದಾರಿ.

ಹತ್ತರ ನಂತರ 11-12ರಲ್ಲಿ ಗಣಿತ ಸಹಿತ ವಿಜ್ಞಾನ. ಅಲ್ಲಿಂದ ಎರಡು ಬಾಗಿಲು ತೆರೆದಿವೆ. ಒಂದು ಮಹಾರಾಷ್ಟ್ರದ ಸಿಇಟಿ. ಸಾಂಗ್ಲಿಯಲ್ಲೇ 1947ರಿಂದ ಇರುವ ವಾಲಚಂದ್ ಇಂಜಿನಿಯರಿಂಗ್ ಕಾಲೇಜಿನಂಥ ಕಾಲೇಜುಗಳಿಗೆ ಅದು ದಾರಿ.

ಇನ್ನೊಂದು ಕರ್ನಾಟಕದ ಸಿಇಟಿ. ಅದರ ಅರ್ಹತಾ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅವಕಾಶವಿದೆ. ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಗಡಹಿಂಗ್ಲಜ ತಾಲೂಕುಗಳ ಜೊತೆ ನಮ್ಮ ಜತ್ತದ ಹೆಸರೂ ಅಲ್ಲಿದೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. 1ರಿಂದ 12ರೊಳಗೆ ಏಳು ವರ್ಷ ಈ ಪ್ರದೇಶದಲ್ಲಿ ವಾಸವಿದ್ದು ಓದಿರಬೇಕು. ಗಡಿನಾಡ ವಿದ್ಯಾರ್ಥಿಗಳು ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಕನ್ನಡ ಶಾಲೆಯ ಮಗುವಿಗೆ ಅದು ಭಾರವಲ್ಲ. ಕನ್ನಡ ಓದಲು ಬಾರದ ಮಗುವಿಗೆ ಭಾರ. ಶಾಲಾ ವ್ಯಾಸಂಗದ ದಾಖಲೆ, ವಾಸದ ದಾಖಲೆಗಳನ್ನು ಒಂದನೇ ಇಯತ್ತೆಯಿಂದಲೇ ಜೋಪಾನವಾಗಿ ಇಡಿ. ಅರ್ಜಿ ಹಾಕುವ ವರ್ಷದ ನಿಯಮ ಪುಸ್ತಿಕೆಯನ್ನು ಗುರುಗಳ ಜೊತೆ ಕೂತು ಓದಿ.

ಐಐಟಿ, ಎನ್‌ಐಟಿಗಳ ಕಡೆ ನೋಡುವವರಿಗೆ ಜೆಇಇ ಮುಖ್ಯ ಪರೀಕ್ಷೆ ಈಗ 13 ಭಾಷೆಗಳಲ್ಲಿ ನಡೆಯುತ್ತದೆ, ಕನ್ನಡವೂ ಅದರಲ್ಲಿ ಸೇರಿದೆ. ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಪರಿಷತ್ತು ‘ಇ-ಕುಂಭ’ ಎಂಬ ಜಾಲತಾಣದಲ್ಲಿ ಇಂಜಿನಿಯರಿಂಗ್ ಪುಸ್ತಕಗಳ ಕನ್ನಡ ರೂಪವನ್ನು ಉಚಿತವಾಗಿ ಇಟ್ಟಿದೆ. ಇಂಗ್ಲಿಷ್ ಪುಸ್ತಕ ಓದುವಾಗ ಪಕ್ಕದಲ್ಲಿ ಇಟ್ಟುಕೊಳ್ಳಲು ಇವು ಒಳ್ಳೆಯ ಆಸರೆ.

ಆಮೇಲಿನ ಕೆಲಸಗಳು ದೂರದಲ್ಲಿಲ್ಲ. ಪುಣೆಯಲ್ಲಿ ಸಿ-ಡ್ಯಾಕ್ ಇದೆ, ಹವಾಮಾನ ಸಂಸ್ಥೆ ಇದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ ‘ಪರಮ್ ಪ್ರವೇಗ’ ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕ ಮಾಡುತ್ತಿದೆ. 2015ರಲ್ಲಿ 4,500 ಕೋಟಿ ರೂಪಾಯಿಯ ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಅಭಿಯಾನ ಶುರುವಾದ ಮೇಲೆ ಇಂಥ ಯಂತ್ರಗಳು ದೇಶದ ಹಲವು ಕಡೆ ಬಂದಿವೆ. ಯಂತ್ರ ಕೊಳ್ಳಲು ದುಡ್ಡು ಸಿಗುತ್ತದೆ. ಅದಕ್ಕೆ ಕೆಲಸ ಹಂಚಿಕೊಡಬಲ್ಲ ಜನರನ್ನು ಶಾಲೆಗಳೇ ಬೆಳೆಸಬೇಕು. ಅವರಲ್ಲಿ ಕೆಲವರು ಇಂದು ಉಮದಿ, ಸಂಖದ ಕನ್ನಡ ಶಾಲೆಗಳ ಪಡಸಾಲೆಯಲ್ಲಿ ಮಗ್ಗಿ ಹೇಳುತ್ತಿರಬಹುದು. ಇಂದು ಸಂಜೆ ಮಗು ಶಾಲೆಯಿಂದ ಬಂದಾಗ ‘ಎಷ್ಟು ಮಾರ್ಕು ಬಂತು?’ ಎಂದು ಕೇಳುವ ಬದಲು ‘ಆ ಲೆಕ್ಕ ಹೆಂಗ ಬಿಡಿಸಿದಿ, ನನಗೂ ಹೇಳು’ ಎಂದು ಕೇಳಿ ನೋಡಿ.